ಮೈಕ್ರೋಚಾನೆಲ್‌ನಲ್ಲಿ ಎಣ್ಣೆ-ನೀರು: ಹನಿ ಕೆಟ್ಟರೆ ಮೊದಲು ಎಲ್ಲಿ ನೋಡಬೇಕು

ದ್ರವ ಓಡಲು ಕಿರುಗಾಲುವೆ, ಅಂದರೆ ಮೈಕ್ರೋಚಾನೆಲ್, ಇರುವ ಚಿಪ್ಪಿನಲ್ಲಿ ಎಣ್ಣೆಯೊಳಗೆ ಒಂದೇ ಅಳತೆಯ ನೀರಿನ ಹನಿ ಮಾಡಲು ಹೊರಟಿದ್ದೀರಿ. ಚಿಪ್ ಒಳಗೆ ಎಣ್ಣೆ ಓಡುತ್ತಿದೆ, ನೀರೂ ಓಡುತ್ತಿದೆ. ಆದರೆ ಹನಿ ಕತ್ತರಿಸಿ ಬೀಳುತ್ತಿಲ್ಲ. ಇಲ್ಲವೇ ಬೀಳುತ್ತಿದೆ, ಒಂದು ದೊಡ್ಡದು, ಒಂದು ಚಿಕ್ಕದು. ಇಲ್ಲವೇ ಬೆಳಗ್ಗೆ ಚೆನ್ನಾಗಿ ಬರುತ್ತಿದ್ದ ಹನಿ ಮಧ್ಯಾಹ್ನದ ಹೊತ್ತಿಗೆ ಕೆಟ್ಟಿದೆ. ಕಲಬುರಗಿಯ ನಮ್ಮ ಲ್ಯಾಬಿಗೆ ಬರುವ ದೂರುಗಳು ಹೆಚ್ಚುಕಮ್ಮಿ ಈ ಮೂರೇ. "ಸರ್, ಹನಿನೇ ಆಗವಲ್ಲವ್ರೀ" ಅಂತ ಪ್ರಾಜೆಕ್ಟ್ ಹುಡುಗರು ಬಂದು ನಿಲ್ಲುವ ಹೊತ್ತಿಗೆ ಪಂಪಿನ ಸೆಟ್ಟಿಂಗ್ ಎಲ್ಲಾ ಬದಲಾಗಿರುತ್ತದೆ. ಎಣ್ಣೆ ಜಾಸ್ತಿ ಮಾಡಿರುತ್ತಾರೆ, ನೀರು ಕಡಿಮೆ ಮಾಡಿರುತ್ತಾರೆ, ಮತ್ತೆ ಉಲ್ಟಾ ಮಾಡಿರುತ್ತಾರೆ. ಮೂಲ ದೋಷ ಏನಿತ್ತು ಅನ್ನುವ ಗುರುತೇ ಅಷ್ಟರಲ್ಲಿ ಅಳಿಸಿಹೋಗಿರುತ್ತದೆ.

ಅದಕ್ಕೇ ನಾನು ಮೊದಲು ಹೇಳುವುದು ಒಂದೇ ಮಾತು. ಪಂಪ್ ಮುಟ್ಟಬೇಡಿ. ಚಾನೆಲ್‌ನ ಗೋಡೆ ನೋಡಿ. ಗೋಡೆ ಯಾವ ದ್ರವವನ್ನು ಹಿಡಿದುಕೊಂಡಿದೆ ಅನ್ನುವುದು ಗೊತ್ತಾಗುವವರೆಗೆ ಬೇರೆ ಯಾವ ತಿದ್ದುಪಡಿಗೂ ಅರ್ಥವಿಲ್ಲ.

ಇದಕ್ಕೆ ಕಾರಣ ಅಳತೆಯಲ್ಲೇ ಇದೆ. ಒಂದು ಮಾದರಿ ಸೆಟಪ್ ಇಟ್ಟುಕೊಂಡು ಮಾತಾಡೋಣ, ಮುಂದೆ ಬರುವ ಲೆಕ್ಕಗಳೆಲ್ಲ ಇದರ ಮೇಲೆಯೇ. ಟಿ ಆಕಾರದ ಜಂಕ್ಷನ್. ಚಾನೆಲ್ 100 ಮೈಕ್ರೋಮೀಟರ್ ಅಗಲ, ಅಷ್ಟೇ ಎತ್ತರ. ನೇರ ಚಾನೆಲ್‌ನಲ್ಲಿ ಹೆಕ್ಸಾಡೆಕೇನ್ ಎಂಬ ಎಣ್ಣೆ, ಅದರಲ್ಲಿ ನೂರಕ್ಕೆ ಎರಡು ಭಾಗ ಸ್ಪ್ಯಾನ್ 80 ಎಂಬ ಸರ್ಫ್ಯಾಕ್ಟೆಂಟ್, ಅಂದರೆ ಮೇಲ್ಮೈ ಎಳೆತ ಇಳಿಸಿ ಹನಿಗಳು ಕೂಡದಂತೆ ತಡೆಯುವ ಸೋಪಿನಂಥ ವಸ್ತು. ಪಕ್ಕದ ಚಾನೆಲ್‌ನಿಂದ ನೀರು. ಎಣ್ಣೆ ಗಂಟೆಗೆ 300 ಮೈಕ್ರೋಲೀಟರ್, ನೀರು ಗಂಟೆಗೆ 60 ಮೈಕ್ರೋಲೀಟರ್. ಹೀಗೆ ಎರಡು ಚಾನೆಲ್ ಕೂಡಿಸಿ ಎಣ್ಣೆಯೊಳಗೆ ನೀರಿನ ಹನಿ ಕತ್ತರಿಸುವುದನ್ನು 2001ರಲ್ಲಿ ಕ್ಯಾಲ್‌ಟೆಕ್‌ನಲ್ಲಿ ಥಾರ್ಸೆನ್, ಕ್ವೇಕ್ ಮತ್ತು ಸಂಗಡಿಗರು ತೋರಿಸಿದರು. ಇವತ್ತಿಗೂ ಕಲಿಯುವವರಿಗೆ ಅದೇ ಸುಲಭದ ದಾರಿ.

ಈ ಸೆಟಪ್‌ನಲ್ಲಿ ಎಣ್ಣೆಯ ವೇಗ ಸೆಕೆಂಡಿಗೆ ಸುಮಾರು 8 ಮಿಲಿಮೀಟರ್. ರೆನಾಲ್ಡ್ಸ್ ಸಂಖ್ಯೆ, ಅಂದರೆ ಓಟದ ರಭಸವನ್ನು ದ್ರವದ ಸ್ನಿಗ್ಧತೆಯ (ಮಂದತನದ) ಎಳೆತಕ್ಕೆ ಹೋಲಿಸುವ ಅಳತೆ, 0.2ರ ಆಸುಪಾಸು. ಅಂದರೆ ಓಟದ ರಭಸಕ್ಕೆ ಇಲ್ಲಿ ಬೆಲೆಯೇ ಇಲ್ಲ. ಸುಳಿ ಇಲ್ಲ, ಕಲಕುವುದಿಲ್ಲ. ತೂಕಕ್ಕೂ ಹೇಳಿಕೊಳ್ಳುವಂಥ ಬೆಲೆ ಇಲ್ಲ. ಉಳಿಯುವ ಶಕ್ತಿ ಎರಡೇ. ಒಂದು ಎಣ್ಣೆಯ ಸ್ನಿಗ್ಧತೆಯ ಎಳೆತ, ಇನ್ನೊಂದು ಎರಡು ದ್ರವದ ನಡುವಿನ ಮೇಲ್ಮೈ ಎಳೆತ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ ಕ್ಯಾಪಿಲರಿ ಸಂಖ್ಯೆ. ಹೆಕ್ಸಾಡೆಕೇನ್ ಸ್ನಿಗ್ಧತೆ ಸುಮಾರು 3 ಮಿಲಿಪಾಸ್ಕಲ್-ಸೆಕೆಂಡ್. ಸ್ಪ್ಯಾನ್ 80 ಬೆರೆಸಿದಾಗ ಮೇಲ್ಮೈ ಎಳೆತ ಮೀಟರಿಗೆ 5 ಮಿಲಿನ್ಯೂಟನ್ ಅಂತ ಇಟ್ಟುಕೊಂಡರೆ ಈ ಸಂಖ್ಯೆ 0.005 ಬರುತ್ತದೆ. ಇಷ್ಟು ಕಡಿಮೆ ಇದ್ದಾಗ ಮೇಲ್ಮೈ ಎಳೆತವೇ ಯಜಮಾನ. ಆ ಯಜಮಾನ ಗೋಡೆಯ ಮಾತು ಕೇಳುತ್ತಾನೆ.

ಗೋಡೆ

ನಿಯಮ ಸರಳ. ಯಾವ ದ್ರವ ಗೋಡೆಗೆ ಅಂಟುತ್ತದೋ ಅದು ಸುತ್ತುವರಿಯುತ್ತದೆ. ಅಂಟದ್ದು ಹನಿಯಾಗುತ್ತದೆ. ನೀರಿನ ಹನಿ ಬೇಕಿದ್ದರೆ ಗೋಡೆಗೆ ನೀರು ಹಿಡಿಸಬಾರದು. ಎಣ್ಣೆಯ ಹನಿ ಬೇಕಿದ್ದರೆ ಗೋಡೆ ನೀರನ್ನು ಪ್ರೀತಿಯಿಂದ ಹಿಡಿಯಬೇಕು. ಇದಕ್ಕೆ ವಿರುದ್ಧವಾಗಿ ಹೋದರೆ ಪಂಪಿನಲ್ಲಿ ಏನು ಮಾಡಿದರೂ ಹನಿ ನಿಲ್ಲುವುದಿಲ್ಲ.

ಮೈಕ್ರೋಸ್ಕೋಪ್ ಕೆಳಗೆ ಚಿಪ್ ಇಟ್ಟು ನೀರಿನ ತುಂಡಿನ ಎರಡು ತುದಿ ನೋಡಿ. ಯುಎಸ್‌ಬಿ ಮೈಕ್ರೋಸ್ಕೋಪ್ ಆದರೂ ಸಾಕು. ಎರಡೂ ತುದಿ ಹೊರಕ್ಕೆ ದುಂಡಗೆ ಉಬ್ಬಿದ್ದರೆ, ಹನಿ ಗೋಡೆಯನ್ನು ಮುಟ್ಟದೆ ಜಾರಿಕೊಂಡು ಹೋಗುತ್ತಿದ್ದರೆ, ಗೋಡೆ ಎಣ್ಣೆಯ ಪಕ್ಷದಲ್ಲಿದೆ. ಹನಿಗೂ ಗೋಡೆಗೂ ನಡುವೆ ತೆಳ್ಳನೆ ಎಣ್ಣೆ ಪದರ ಇರುತ್ತದೆ. ಅದು ಕಣ್ಣಿಗೆ ಕಾಣದಿದ್ದರೂ ಹನಿಯ ನಡಿಗೆಯಲ್ಲಿ ಗೊತ್ತಾಗುತ್ತದೆ. ತಡೆಯಿಲ್ಲದೆ ಹೋಗುತ್ತದೆ. ಗೋಡೆ ಕೆಟ್ಟಿದ್ದರೆ ಬೇರೆಯೇ ನೋಟ. ಹನಿಯ ಹಿಂಬದಿ ಒಂದು ಕಡೆ ಸಿಕ್ಕಿಕೊಂಡು ಎಳೆಯುತ್ತದೆ, ಆಮೇಲೆ ತಟಕ್ಕನೆ ಬಿಡುತ್ತದೆ. ಬಿಟ್ಟ ಜಾಗದಲ್ಲಿ ಪುಟ್ಟ ಪುಟ್ಟ ನೀರಿನ ಚುಕ್ಕಿ ಉಳಿದಿರುತ್ತವೆ. ಮುಂದಿನ ಹನಿ ಬಂದು ಅವನ್ನು ನುಂಗುತ್ತದೆ, ಅದು ಇನ್ನಷ್ಟು ದೊಡ್ಡದಾಗುತ್ತದೆ. ಕೊನೆಗೆ ನೀರು ಒಂದು ಗೋಡೆ ಹಿಡಿದು ಹೊಳೆಯಂತೆ ಸುಮ್ನೆ ಹರಿಯತೊಡಗುತ್ತದೆ. ಎಣ್ಣೆ ಆ ಕಡೆ, ನೀರು ಈ ಕಡೆ.

ಹೀಗೆ ಅಕ್ಕಪಕ್ಕ ಹರಿಯುವುದಕ್ಕೆ ಇನ್ನೊಂದು ಕಾರಣವೂ ಉಂಟು. ಹರಿವು ತೀರಾ ಜೋರಾಗಿದ್ದು ಕ್ಯಾಪಿಲರಿ ಸಂಖ್ಯೆ ಮೇಲೆ ಹೋಗಿದ್ದರೂ ನೀರು ದಾರದ ಹಾಗೆ ಉದ್ದಕ್ಕೆ ಓಡುತ್ತದೆ. ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ? ಎರಡೂ ಪಂಪಿನ ಹರಿವನ್ನು ಒಂದೇ ಪ್ರಮಾಣದಲ್ಲಿ ಇಳಿಸಿ, ಐದನೇ ಒಂದು ಭಾಗಕ್ಕೆ. ಕೆಲವು ನಿಮಿಷ ಕಾಯಿರಿ. ದಾರ ಮುರಿದು ಹನಿ ಬೀಳತೊಡಗಿದರೆ ದೋಷ ವೇಗದಲ್ಲಿತ್ತು. ಇಳಿಸಿದ ಮೇಲೂ ನೀರು ಗೋಡೆ ಬಿಡದಿದ್ದರೆ ದೋಷ ಗೋಡೆಯದ್ದೇ. ಪಂಪನ್ನು ಮುಟ್ಟಲು ನಾನು ಈ ಹಂತದಲ್ಲಿ ಒಪ್ಪುವುದು ಈ ಒಂದು ಪರೀಕ್ಷೆಗೆ ಮಾತ್ರ.

ಗೋಡೆ ಯಾಕೆ ಕೆಡುತ್ತದೆ ಅನ್ನುವುದಕ್ಕೆ ಬರೋಣ. ನಮ್ಮಲ್ಲಿ ಹೆಚ್ಚಿನ ಚಿಪ್ ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರಿನದ್ದು, ಕೆಳಗೆ ಗಾಜಿನ ಸ್ಲೈಡ್. ಪಿಡಿಎಂಎಸ್ ಹುಟ್ಟುಗುಣದಲ್ಲಿ ನೀರನ್ನು ದೂರ ಇಡುತ್ತದೆ. ನೀರಿನ ಹನಿ ಅದರ ಮೇಲೆ ಸುಮಾರು 105ರಿಂದ 110 ಡಿಗ್ರಿ ಕೋನದಲ್ಲಿ ಎದ್ದು ಕೂರುತ್ತದೆ. ಆದರೆ ಗಾಜಿಗೆ ಅಂಟಿಸಲು ಆಕ್ಸಿಜನ್ ಪ್ಲಾಸ್ಮಾ (ವಿದ್ಯುತ್ತಿನಿಂದ ಕೆರಳಿಸಿದ ಆಕ್ಸಿಜನ್ ಅನಿಲ) ಕೊಡುತ್ತೇವಲ್ಲ, ಆಗ ಅದರ ಗುಣವೇ ತಿರುಗುತ್ತದೆ. ಅದೇ ಹನಿ ಈಗ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಪಿಡಿಎಂಎಸ್ ತನ್ನ ಹಳೆಯ ಗುಣಕ್ಕೆ ಮರಳಲು ಗಂಟೆಗಳಿಂದ ದಿನಗಳವರೆಗೆ ಬೇಕು. ಬೆಳಗ್ಗೆ ಪ್ಲಾಸ್ಮಾ ಕೊಟ್ಟು ಮಧ್ಯಾಹ್ನ ನೀರಿನ ಹನಿ ಮಾಡಲು ಹೊರಟರೆ ಆಗುವುದಿಲ್ಲ. ಡೆಮೊ ನಾಳೆ ಇದೆ ಅನ್ನುವ ಅವಸರದಲ್ಲಿ ಜಾಸ್ತಿ ಕೆಡುವುದು ಇದೇ.

ಪರಿಹಾರ ಕಷ್ಟದ್ದಲ್ಲ. ಅಂಟಿಸಿದ ಚಿಪ್ಪನ್ನು 65ರಿಂದ 80 ಡಿಗ್ರಿ ಓವನ್‌ನಲ್ಲಿ ಒಂದು ರಾತ್ರಿ ಇಡಿ, ಸಾಧ್ಯವಾದರೆ ಪೂರ್ತಿ ಒಂದು ದಿನ. ಜೊತೆಗೆ ಒಂದು ಅಭ್ಯಾಸ ಮಾಡಿಕೊಳ್ಳಿ. ಚಿಪ್ ಕತ್ತರಿಸುವಾಗ ಉಳಿಯುವ ಪಿಡಿಎಂಎಸ್ ಚೂರಿಗೂ ಅದೇ ಪ್ಲಾಸ್ಮಾ ಕೊಟ್ಟು ಚಿಪ್ ಜೊತೆಗೇ ಓವನ್‌ನಲ್ಲಿಡಿ. ಬೆಳಗ್ಗೆ ಆ ಚೂರಿನ ಮೇಲೆ ಒಂದು ನೀರಿನ ಹನಿ ಹಾಕಿ, ಮೊಬೈಲನ್ನು ಟೇಬಲ್ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಫೋಟೊ ತೆಗೆಯಿರಿ. ಹನಿ ಅಂಚಿನಲ್ಲಿ ಒಳಕ್ಕೆ ಬಾಗಿ ನಿಂತಿದ್ದರೆ ಚಿಪ್ ಸಿದ್ಧ. ಗುಬುಟಿನಂತೆ ಅರ್ಧಕ್ಕೆ ಕೂತಿದ್ದರೆ ಇನ್ನೂ ಕಾಯಬೇಕು. ಆ ಫೋಟೊಗೆ ದಿನಾಂಕ ಹಾಕಿ ಇಟ್ಟುಕೊಳ್ಳಿ, ಮುಂದೆ ಜಗಳ ಬಂದಾಗ ಅದೇ ಸಾಕ್ಷಿ.

ಇಷ್ಟಾದರೂ ಕೆಲವು ಚಿಪ್ ಕೈ ಕೊಡುತ್ತವೆ. ಆಗ ತಳ ನೋಡಿ. ಚಾನೆಲ್‌ಗೆ ನಾಲ್ಕು ಗೋಡೆ, ಅದರಲ್ಲಿ ಮೂರು ಮಾತ್ರ ಪಿಡಿಎಂಎಸ್. ನಾಲ್ಕನೆಯದು ಗಾಜು, ಅದು ಓವನ್‌ನಲ್ಲಿ ಎಷ್ಟು ಹೊತ್ತು ಇಟ್ಟರೂ ಗಾಜೇ. ನೀರಿಗೆ ಗಾಜು ಬೇಕು. ಮೇಲಿನಿಂದ ನೋಡಿದರೆ ಹನಿ ದುಂಡಗೆ ಕಾಣುತ್ತದೆ, ಆದರೆ ಕೆಳಗೆ ಪಾದ ಊರಿಕೊಂಡು ತೆವಳುತ್ತಿರುತ್ತದೆ. ಮುಂದಿನ ಸಲ ಸ್ಲೈಡ್ ಮೇಲೆ ತೆಳ್ಳಗೆ ಪಿಡಿಎಂಎಸ್ ಹರಡಿ, ಗಟ್ಟಿಯಾದ ಮೇಲೆ ಅದಕ್ಕೆ ಚಿಪ್ ಅಂಟಿಸಿ. ನಾಲ್ಕೂ ಗೋಡೆ ಒಂದೇ ಆಗುತ್ತದೆ. ಈಗಾಗಲೇ ಅಂಟಿಸಿದ ಚಿಪ್ಪನ್ನು ಉಳಿಸಿಕೊಳ್ಳಬೇಕಾದರೆ ಕಾರಿನ ಮುಂಗಾಜಿನಲ್ಲಿ ಮಳೆನೀರು ಜಾರಲು ಹಚ್ಚುವ ಫ್ಲೋರಿನ್ ಜಾತಿಯ ದ್ರವವನ್ನು ಚಾನೆಲ್ ತುಂಬ ಹಾಯಿಸಿ. ಅರ್ಧ ನಿಮಿಷ ಬಿಟ್ಟು ಗಾಳಿಯಿಂದ ಪೂರ್ತಿ ಹೊರಗೆ ಊದಿ, ಒಣಗಿಸಿ. ಒಳಗೆ ಉಳಿದರೆ ಅದೇ ಗಟ್ಟಿಯಾಗಿ ಚಾನೆಲ್ ಕಟ್ಟಿಬಿಡುತ್ತದೆ, ಊದುವುದರಲ್ಲಿ ಜಿಪುಣತನ ಬೇಡ.

ತುಂಬಿಸುವ ಕ್ರಮವೂ ಮುಖ್ಯ. ಮೊದಲು ಎಣ್ಣೆ ಬಿಟ್ಟು ಇಡೀ ಚಿಪ್ ನೆನೆಯಲಿ, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು, ಕೊನೆಗೆ ಎಣ್ಣೆ. ಒಣ ಗೋಡೆಗೆ ನೀರು ಮೊದಲು ತಾಗಿದರೆ ಅದನ್ನು ಬಿಡಿಸುವುದು ಬಹಳ ಹೊತ್ತಿನ ಕೆಲಸ.

ಉಲ್ಟಾ ಕೆಲಸ, ಅಂದರೆ ನೀರಿನೊಳಗೆ ಎಣ್ಣೆ ಹನಿ ಬೇಕಾದವರಿಗೆ ಪ್ಲಾಸ್ಮಾ ಆದ ಕೂಡಲೇ ಚಿಪ್ ಸಿದ್ಧ. ನೀರು ತುಂಬಿಸಿಟ್ಟರೆ ಆ ಗುಣ ಜಾಸ್ತಿ ಹೊತ್ತು ಉಳಿಯುತ್ತದೆ. ಅಕ್ರಿಲಿಕ್ ಚಿಪ್ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಒಳ್ಳೆಯದಲ್ಲ. ಅದರ ಕೋನ ಸುಮಾರು 70 ಡಿಗ್ರಿ, ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ. ಬಜೆಟ್ ಕಡಿಮೆ ಇದ್ದರೆ ಟೆಫ್ಲಾನ್ ಟ್ಯೂಬ್ ಮತ್ತು ಟೆಫ್ಲಾನ್ ಟಿ ಕನೆಕ್ಟರ್ ಅದಕ್ಕಿಂತ ಎಷ್ಟೋ ಮೇಲು. ನೀರಿನ ಹನಿಗಾದರೆ ಗೋಡೆಯ ತಲೆನೋವೇ ಇರುವುದಿಲ್ಲ.

ಹನಿ ಬರುತ್ತಿದೆ, ಆದರೆ ದೊಡ್ಡದು ಚಿಕ್ಕದು

ಗೋಡೆ ಸರಿ ಇದ್ದಾಗ ಹನಿಯ ಉದ್ದಕ್ಕೆ ಒಂದು ಒಳ್ಳೆಯ ಲೆಕ್ಕ ಇದೆ. 2006ರಲ್ಲಿ ಗಾರ್ಸ್ಟೆಕಿ, ವೈಟ್‌ಸೈಡ್ಸ್ ಮತ್ತು ಸಂಗಡಿಗರು ಕೊಟ್ಟದ್ದು. ನೀರಿನ ಹರಿವನ್ನು ಎಣ್ಣೆಯ ಹರಿವಿನಿಂದ ಭಾಗಿಸಿ, ಅದಕ್ಕೆ 1 ಕೂಡಿಸಿ, ಚಾನೆಲ್ ಅಗಲದಿಂದ ಗುಣಿಸಿದರೆ ಹನಿಯ ಉದ್ದ ಹೆಚ್ಚುಕಮ್ಮಿ ಸಿಗುತ್ತದೆ. ಭಾಗಿಸಿ ಬಂದದ್ದರ ಪಕ್ಕ ಒಂದು ಗುಣಾಂಕ ಇದೆ, ಜಂಕ್ಷನ್ ಆಕಾರ ನೋಡಿ ಅದು 1ರ ಆಸುಪಾಸು. ನಮ್ಮ ಸೆಟಪ್‌ಗೆ 60ನ್ನು 300ರಿಂದ ಭಾಗಿಸಿದರೆ 0.2. ಹನಿ ಸುಮಾರು 120 ಮೈಕ್ರೋಮೀಟರ್ ಉದ್ದ ಇರಬೇಕು. ಈ ಲೆಕ್ಕ ನಡೆಯುವುದು ಕ್ಯಾಪಿಲರಿ ಸಂಖ್ಯೆ 0.01ಕ್ಕಿಂತ ಕೆಳಗಿದ್ದಾಗ. ಅದಕ್ಕೇ ದೋಷ ಹುಡುಕುವಾಗ ಎಣ್ಣೆಯನ್ನು 300ಕ್ಕೇ ಇಡಿ ಅನ್ನುತ್ತೇನೆ. 1000ಕ್ಕೆ ಏರಿಸಿದರೆ ಸಂಖ್ಯೆ ಸುಮಾರು 0.017 ಆಗಿ ಗಡಿ ದಾಟುತ್ತದೆ, ಹನಿ ಲೆಕ್ಕಕ್ಕಿಂತ ಚಿಕ್ಕದಾಗುತ್ತದೆ, ಅದು ದೋಷವೋ ಸಹಜವೋ ತಿಳಿಯುವುದಿಲ್ಲ.

ಈ ಲೆಕ್ಕದಲ್ಲಿ ಇನ್ನೊಂದು ಅನುಕೂಲ ಇದೆ. ಎರಡೂ ಹರಿವನ್ನು ಒಟ್ಟಿಗೆ ಒಂದೇ ಪ್ರಮಾಣದಲ್ಲಿ ಏರಿಸಿದರೆ ಹನಿಯ ಉದ್ದ ಬದಲಾಗಬಾರದು. ಹನಿ ದೊಡ್ಡದು ಚಿಕ್ಕದು ಆಗುತ್ತಿದೆ ಅಂದರೆ ಯಾವುದೋ ಒಂದು ಹರಿವು ಏರಿಳಿಯುತ್ತಿದೆ ಅಂತಲೇ ಅರ್ಥ. ಯಾವುದು ಏರಿಳಿಯುತ್ತಿದೆ?

ಇಲ್ಲಿ ಗಡಿಯಾರವೇ ಒಳ್ಳೆಯ ಸಾಧನ. ಹನಿ ದೊಡ್ಡದಾಗಿ, ಚಿಕ್ಕದಾಗಿ, ಮತ್ತೆ ದೊಡ್ಡದಾಗಲು ಎಷ್ಟು ಹೊತ್ತು ಬೇಕು ಅನ್ನುವುದನ್ನು ಅಳೆಯಿರಿ. ಒಂದು ಹನಿ ಹತ್ತಿರ ಹತ್ತಿರ ಒಂದು ನ್ಯಾನೊಲೀಟರ್. ಗಂಟೆಗೆ 60 ಮೈಕ್ರೋಲೀಟರ್ ಅಂದರೆ ಸೆಕೆಂಡಿಗೆ ಹದಿನಾರು-ಹದಿನೇಳು ಹನಿ. ಬರಿಗಣ್ಣಿಗೆ ಎಣಿಸಲು ಆಗುವುದಿಲ್ಲ. ಮೊಬೈಲ್ ಸ್ಲೋಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ ಸಿಗುವುದರಿಂದ ಒಂದೊಂದು ಹನಿಗೆ ಹದಿನಾಲ್ಕು-ಹದಿನೈದು ಚಿತ್ರ ಬರುತ್ತವೆ, ಧಾರಾಳವಾಗಿ ಸಾಕು.

ಏರಿಳಿತ ಕೆಲವು ಸೆಕೆಂಡಿಗೊಮ್ಮೆ, ಅದೂ ತಾಳ ಹಾಕಿದಂತೆ ಸಮವಾಗಿ ಬರುತ್ತಿದ್ದರೆ ಸಿರಿಂಜ್ ಪಂಪಿನ ಮೋಟಾರ್ ನೋಡಿ. ಸಿರಿಂಜ್ ಪಂಪ್ ಪಿಸ್ಟನ್ನನ್ನು ಒಂದೇ ಸಮ ತಳ್ಳುವುದಿಲ್ಲ, ಹೆಜ್ಜೆ ಹೆಜ್ಜೆಯಾಗಿ ತಳ್ಳುತ್ತದೆ. ಒಂದು ಹೆಜ್ಜೆಗೆ ಒಂದು ಮೈಕ್ರೋಮೀಟರ್ ಸರಿಯುವ ಪಂಪ್ ಅಂತ ಇಟ್ಟುಕೊಳ್ಳಿ. ನೀರನ್ನು 10 ಎಂಎಲ್ ಸಿರಿಂಜಿನಲ್ಲಿ ತುಂಬಿದ್ದೀರಿ, ಅದರ ಒಳಗಿನ ಅಗಲ ಸುಮಾರು 14.5 ಮಿಲಿಮೀಟರ್. ಗಂಟೆಗೆ 60 ಮೈಕ್ರೋಲೀಟರ್ ಬರಲು ಪಿಸ್ಟನ್ ಗಂಟೆಗೆ 0.36 ಮಿಲಿಮೀಟರ್ ಸರಿದರೆ ಸಾಕು. ಅಂದರೆ ಹತ್ತು ಸೆಕೆಂಡಿಗೆ ಒಂದು ಹೆಜ್ಜೆ. ಹೆಜ್ಜೆ ಇಟ್ಟಾಗ ಹನಿ ದೊಡ್ಡದು, ಮುಂದಿನ ಹೆಜ್ಜೆಯವರೆಗೆ ಸೊರಗುತ್ತಾ ಹೋಗುತ್ತದೆ. ಅದೇ ನೀರನ್ನು 1 ಎಂಎಲ್ ಸಿರಿಂಜಿಗೆ ಹಾಕಿ. ಅಗಲ 4.8 ಮಿಲಿಮೀಟರ್ ಆಸುಪಾಸು, ಈಗ ಸೆಕೆಂಡಿಗೊಂದು ಹೆಜ್ಜೆ. ಟ್ಯೂಬಿನ ಮೆದುತನವೇ ಆ ಚಿಕ್ಕ ಅಲುಗಾಟವನ್ನು ನುಂಗಿಹಾಕುತ್ತದೆ. ಸಿರಿಂಜ್ ಬದಲಿಸಿದಾಗ ಏರಿಳಿತದ ಅವಧಿಯೂ ಅದೇ ಪ್ರಮಾಣದಲ್ಲಿ ಬದಲಾಯಿತು ಅಂದರೆ ಅನುಮಾನವೇ ಬೇಡ, ಪಂಪೇ ಕಾರಣ. ಸಿರಿಂಜ್ ಬದಲಿಸಿದ ಮೇಲೆ ಪಂಪಿನಲ್ಲಿ ವ್ಯಾಸದ ಸಂಖ್ಯೆಯನ್ನೂ ಬದಲಿಸಿ. ಅದನ್ನು ಮರೆತರೆ ಹರಿವು ಎಂಟು-ಒಂಬತ್ತು ಪಟ್ಟು ತಪ್ಪಿಹೋಗುತ್ತದೆ. ಆಸ್ಪತ್ರೆಯ ಹಳೆಯ ಇನ್‌ಫ್ಯೂಷನ್ ಪಂಪ್ ತಂದು ಬಳಸುವವರು ಇದರ ಜೊತೆಗೆ ಅದರ ಕನಿಷ್ಠ ಹರಿವನ್ನೂ ನೋಡಿಕೊಳ್ಳಬೇಕು. ಅಂಥ ಪಂಪುಗಳಲ್ಲಿ ಎಷ್ಟೋ ಗಂಟೆಗೆ 0.1 ಎಂಎಲ್‌ಗಿಂತ ಕೆಳಗೆ ಹೋಗುವುದೇ ಇಲ್ಲ.

ಏರಿಳಿತ ಒಂದೆರಡು ನಿಮಿಷಕ್ಕೊಮ್ಮೆ ಬರುತ್ತಿದ್ದರೆ ಚಿಪ್ ಕಡೆ ನೋಡುವುದನ್ನು ಬಿಟ್ಟು ಹೊರಹೋಗುವ ಟ್ಯೂಬಿನ ತುದಿ ನೋಡಿ. ಇದು ನನಗೆ ಬಹಳ ಇಷ್ಟದ ದೋಷ, ಯಾಕೆಂದರೆ ಕಾರಣ ಎಲ್ಲರ ಕಣ್ಣೆದುರಿಗೇ ತೂಗಾಡುತ್ತಿರುತ್ತದೆ. ಟ್ಯೂಬಿನ ತುದಿ ಬಾಟಲಿಯೊಳಗೆ ಗಾಳಿಯಲ್ಲಿ ನೇತಾಡುತ್ತಿದೆ. ಅಲ್ಲಿ ಒಂದು ಎಣ್ಣೆ ಹನಿ ನಿಧಾನಕ್ಕೆ ಬೆಳೆದು, ಭಾರವಾಗಿ, ಟಪ್ ಅಂತ ಬೀಳುತ್ತದೆ. ಬೆಳೆಯುವಾಗ ಮತ್ತು ಬಿದ್ದ ಕ್ಷಣದಲ್ಲಿ ಆ ತುದಿಯ ಒತ್ತಡ 100 ಪಾಸ್ಕಲ್ ಆಸುಪಾಸು ಬದಲಾಗುತ್ತದೆ. ಎರಡು ಸೆಂಟಿಮೀಟರ್ ಉದ್ದದ ನಮ್ಮ ಚಾನೆಲ್‌ನಲ್ಲಿ ಎಣ್ಣೆ ಓಡಿಸಲು ಬೇಕಾದ ಒತ್ತಡವೇ 1400 ಪಾಸ್ಕಲ್ ಅಷ್ಟು. ಅದರಲ್ಲಿ 100 ಅಂದರೆ ಕಡಿಮೆಯಲ್ಲ. ಗಂಟೆಗೆ ಒಟ್ಟು 360 ಮೈಕ್ರೋಲೀಟರ್ ಹರಿಯುವಾಗ ಮಿಲಿಮೀಟರ್ ದಪ್ಪದ ಟ್ಯೂಬಿನಿಂದ ಇಂಥ ಹನಿ ಒಂದು-ಒಂದೂವರೆ ನಿಮಿಷಕ್ಕೆ ಒಂದರಂತೆ ಬೀಳುತ್ತದೆ. ಹನಿ ಬಿದ್ದ ಹೊತ್ತನ್ನೂ ಚಿಪ್ ಒಳಗೆ ಕೆಟ್ಟ ಹೊತ್ತನ್ನೂ ಹೊಂದಿಸಿ ನೋಡಿ. ಹೊಂದಿದರೆ ಟ್ಯೂಬಿನ ತುದಿಯನ್ನು ಬಾಟಲಿಯ ಎಣ್ಣೆಯೊಳಗೆ ಮುಳುಗಿಸಿಡಿ, ಮುಗಿಯಿತು. ಟ್ಯೂಬನ್ನು ಟೇಬಲ್‌ಗೆ ಟೇಪ್ ಹಚ್ಚಿ ಅಲುಗದಂತೆಯೂ ಮಾಡಿ. ಹತ್ತು ಸೆಂಟಿಮೀಟರ್ ಎತ್ತಿದರೆ ನೀರಿಗಾದರೆ ಸುಮಾರು 1000 ಪಾಸ್ಕಲ್, ಹೆಕ್ಸಾಡೆಕೇನ್‌ಗಾದರೆ 750 ಪಾಸ್ಕಲ್ ಏರುತ್ತದೆ.

ಏರಿಳಿತಕ್ಕೆ ತಾಳವೇ ಇಲ್ಲ, ನಿಧಾನಕ್ಕೆ ಜಾರುತ್ತಾ ಹೋಗುತ್ತದೆ, ಹರಿವು ಬದಲಿಸಿದರೆ ಚಿಪ್ ಬೇಗ ಕೇಳುವುದಿಲ್ಲ, ಅಂದರೆ ಎಲ್ಲೋ ಗಾಳಿ ಸೇರಿದೆ. ಸಿರಿಂಜಿನೊಳಗಿನ ಗುಳ್ಳೆ ಸ್ಪ್ರಿಂಗ್ ಇದ್ದ ಹಾಗೆ. 100 ಮೈಕ್ರೋಲೀಟರ್ ಗುಳ್ಳೆ ಇದೆ ಅನ್ನಿ. ಒತ್ತಡ ವಾತಾವರಣದ ನೂರರಲ್ಲಿ ಎರಡು ಪಾಲು ಏರಿದರೂ ಅದು 2 ಮೈಕ್ರೋಲೀಟರ್ ಕುಗ್ಗುತ್ತದೆ. ಗಂಟೆಗೆ 60ರ ಹರಿವಿನಲ್ಲಿ ಅಷ್ಟು ನೀರು ತುಂಬಲು ಎರಡು ನಿಮಿಷ. ಆ ಎರಡು ನಿಮಿಷ ಪಂಪ್ ತಳ್ಳಿದ ನೀರೆಲ್ಲ ಗುಳ್ಳೆ ಹಿಂಡುವುದಕ್ಕೇ ಹೋಗುತ್ತದೆ. ಸಿರಿಂಜನ್ನು ನೆಟ್ಟಗೆ ನಿಲ್ಲಿಸಿ ಬೆರಳಿನಿಂದ ತಟ್ಟಿ ಗಾಳಿ ತೆಗೆಯಿರಿ. ಸೂಜಿಯ ಪ್ಲಾಸ್ಟಿಕ್ ಬುಡದಲ್ಲಿ ಒಂದು ಗುಳ್ಳೆ ಅಡಗಿರುತ್ತದೆ, ಅದನ್ನು ಮರೆಯುವವರೇ ಜಾಸ್ತಿ.

ಕರೆಂಟ್ ಹೋಗಿ ಬಂದಾಗಲೂ ಇದೇ ಸ್ಪ್ರಿಂಗ್ ಕಾಟ ಕೊಡುತ್ತದೆ. ಪಂಪ್ ನಿಂತ ಮೇಲೂ ಟ್ಯೂಬಿನಲ್ಲಿ ಸಿಕ್ಕ ಒತ್ತಡ ಇಳಿಯುವವರೆಗೆ ದ್ರವ ಹರಿಯುತ್ತಲೇ ಇರುತ್ತದೆ, ಎಣ್ಣೆ ನೀರಿನ ಚಾನೆಲ್‌ಗೆ ನುಗ್ಗುವುದೂ ಉಂಟು. ಪಂಪಿಗೆ ಯುಪಿಎಸ್ ಇಲ್ಲದಿದ್ದರೆ ಮತ್ತೆ ಶುರು ಮಾಡಿದ ಮೊದಲ ಕೆಲವು ನಿಮಿಷಗಳ ಹನಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಬೇರೆ ಬಾಟಲಿಗೆ ಬಿಡಿ.

ತೂಕ ಮಾಡಿ ನೋಡಿ

ಹನಿ ಸಮವಾಗಿದೆ, ಆದರೆ ಲೆಕ್ಕಕ್ಕಿಂತ ಯಾವಾಗಲೂ ದೊಡ್ಡದು. ಆಗ ಎಣ್ಣೆ ಎಲ್ಲೋ ಸೋರುತ್ತಿರಬಹುದು. ಟ್ಯೂಬ್ ಚುಚ್ಚಿದ ತೂತಿನ ಸುತ್ತ ಎಣ್ಣೆ ಜಿನುಗಿದರೆ ಪಾರದರ್ಶಕ ರಬ್ಬರಿನ ಮೇಲೆ ಕಾಣುವುದೇ ಇಲ್ಲ. ಖಾಲಿ ಬಾಟಲಿ ತೂಗಿ, ಒಂದು ಗಂಟೆ ಹಿಡಿದು, ಮತ್ತೆ ತೂಗಿ. ಹೆಕ್ಸಾಡೆಕೇನ್ ಸಾಂದ್ರತೆ 0.77, ಹಾಗಾಗಿ 300 ಮೈಕ್ರೋಲೀಟರ್ ಎಣ್ಣೆ 0.23 ಗ್ರಾಂ, ನೀರು 0.06 ಗ್ರಾಂ, ಒಟ್ಟು 0.29 ಗ್ರಾಂ ಬರಬೇಕು. 0.25 ಬಂದರೆ ಸೋರಿಕೆ ಇದೆ. ಇನ್‌ಲೆಟ್ ಸುತ್ತ ಟಿಶ್ಯೂ ಪೇಪರಿನ ಚೂರು ಒತ್ತಿ ನೋಡಿ, ಎಣ್ಣೆ ಕಲೆ ತೋರಿಸಿಕೊಡುತ್ತದೆ. ತೂತನ್ನು ಟ್ಯೂಬಿಗಿಂತ ಸ್ವಲ್ಪ ಚಿಕ್ಕದಾಗಿ, ಹರಿತವಾದ ಪಂಚ್‌ನಿಂದ ಹೊಡೆಯಿರಿ. ಮೊಂಡಾದ ಪಂಚ್ ರಬ್ಬರನ್ನು ಹರಿಯುತ್ತದೆ, ಆ ಚೂರೇ ಮುಂದೆ ಚಾನೆಲ್‌ಗೆ ಅಡ್ಡ ಬರುತ್ತದೆ.

ಸರ್ಫ್ಯಾಕ್ಟೆಂಟ್

ಜಂಕ್ಷನ್‌ನಲ್ಲಿ ಹನಿ ಚೆನ್ನಾಗಿ ಕತ್ತರಿಸುತ್ತಿದೆ, ಮುಂದೆ ಹೋಗಿ ಒಂದಕ್ಕೊಂದು ಕೂಡಿಕೊಳ್ಳುತ್ತಿವೆ. ಬಾಟಲಿಯಲ್ಲಿ ನೋಡಿದರೆ ಕೆಳಗೆ ಒಂದೇ ನೀರಿನ ಪದರ. ಇದು ಹರಿವಿನ ದೋಷವೇ ಅಲ್ಲ, ಸರ್ಫ್ಯಾಕ್ಟೆಂಟ್ ಸಾಲುತ್ತಿಲ್ಲ, ಇಲ್ಲವೇ ತಪ್ಪು ದ್ರವದಲ್ಲಿದೆ. ಸರ್ಫ್ಯಾಕ್ಟೆಂಟ್ ಯಾವ ದ್ರವದಲ್ಲಿ ಜಾಸ್ತಿ ಕರಗುತ್ತದೋ ಆ ದ್ರವ ಹೊರಗಿನದಾಗುತ್ತದೆ, ಬ್ಯಾಂಕ್ರಾಫ್ಟ್ ನಿಯಮ ಅಂತಾರೆ. ಎಣ್ಣೆಯೊಳಗೆ ನೀರಿನ ಹನಿಗೆ ಸ್ಪ್ಯಾನ್ 80, ನೀರಿನೊಳಗೆ ಎಣ್ಣೆ ಹನಿಗೆ ಟ್ವೀನ್ 20. ಒಂದು ಮುಗಿದಿದೆ ಅಂತ ಇನ್ನೊಂದನ್ನು ಹಾಕಿದರೆ ಆಗುವುದಿಲ್ಲ. ಹಾಗಂತ ಸುಮ್ಮನೆ ಜಾಸ್ತಿ ಸುರಿದರೂ ಉಪಯೋಗವಿಲ್ಲ. ಒಂದು ಹಂತದ ಮೇಲೆ ಮೇಲ್ಮೈ ಎಳೆತ ಇನ್ನು ಇಳಿಯುವುದಿಲ್ಲ, ಎಣ್ಣೆ ಮಾತ್ರ ಮಂದ ಆಗುತ್ತದೆ.

ಇಲ್ಲಿ ಸ್ಥಳೀಯ ನೀರಿನ ಮಾತೂ ಬರುತ್ತದೆ. ಶಹಾಬಾದ್, ಸೇಡಂ ಕಡೆ ನೆಲವೇ ಸುಣ್ಣದ ಕಲ್ಲು. ನಮ್ಮ ಬೋರ್‌ವೆಲ್ ನೀರಿನ ಗಡಸುತನ ಪಾತ್ರೆಯ ತಳದಲ್ಲಿ ಕೂತ ಬಿಳಿ ಪದರದಲ್ಲೇ ಕಾಣುತ್ತದೆ. ಎಸ್‌ಡಿಎಸ್ ಎಂಬ ಸರ್ಫ್ಯಾಕ್ಟೆಂಟ್ ಬಳಸುವವರು ಅಂಥ ನೀರು ಬೆರೆಸಿದರೆ ಕ್ಯಾಲ್ಸಿಯಂ ಅದರ ಜೊತೆ ಸೇರಿ ಬಿಳಿ ಗಸಿಯಾಗಿ ಕೂರುತ್ತದೆ. ಸರ್ಫ್ಯಾಕ್ಟೆಂಟೂ ಹೋಯಿತು, ಚಾನೆಲೂ ಕಟ್ಟಿತು. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಬೇಡ.

ಎಣ್ಣೆಯ ವಿಷಯದಲ್ಲೂ ಹೀಗೆಯೇ. ತರಗತಿಯಲ್ಲಿ ತೋರಿಸಲು ಕುಸುಬೆ ಎಣ್ಣೆ ಚೆನ್ನಾಗಿದೆ, ಮನೆಯಲ್ಲೇ ಸಿಗುತ್ತದೆ. ಆದರೆ ಅಡುಗೆ ಎಣ್ಣೆಯಲ್ಲಿ ಸಹಜವಾಗಿ ಇರುವ ಕೊಬ್ಬಿನ ಆಮ್ಲಗಳು ತಾವೇ ಸರ್ಫ್ಯಾಕ್ಟೆಂಟ್‌ನಂತೆ ಕೆಲಸ ಮಾಡುತ್ತವೆ. ಗಾಣದ ಎಣ್ಣೆಗೂ ಪ್ಯಾಕೆಟ್ ಎಣ್ಣೆಗೂ ಹನಿಯ ಅಳತೆ ಬೇರೆ ಬಂದರೆ ಆಶ್ಚರ್ಯ ಪಡಬೇಡಿ. ಮೆಡಿಕಲ್ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಒಳ್ಳೆಯ ಬದಲಿ. ಲೈಟೋ ಹೆವಿಯೋ ಅಂತ ಲೇಬಲ್ ಓದಿ ತೆಗೆದುಕೊಳ್ಳಿ, ಎರಡರ ಸ್ನಿಗ್ಧತೆಗೂ ಬಹಳ ಅಂತರ ಇದೆ. ಹೆಕ್ಸೇನ್, ಟಾಲ್ವೀನ್ ಪಿಡಿಎಂಎಸ್ ಚಿಪ್‌ಗೆ ಬಿಡಲೇಬೇಡಿ. ಹೆಕ್ಸೇನ್‌ನಲ್ಲಿ ಆ ರಬ್ಬರ್ ಉದ್ದದಲ್ಲೇ ಮೂರನೇ ಒಂದು ಭಾಗದಷ್ಟು ಉಬ್ಬುತ್ತದೆ, ಚಾನೆಲ್ ಮುಚ್ಚಿಹೋಗುತ್ತದೆ.

ಕಸ

ಚಾನೆಲ್‌ನ ಅಗಲ, ಎತ್ತರ ಎರಡೂ ಅರ್ಧ ಆದರೆ ತಡೆ 16 ಪಟ್ಟು. ಒಂದು ನೂಲಿನ ಎಳೆ ಸಾಕು. ಎರಡೂ ದ್ರವವನ್ನು 0.45 ಮೈಕ್ರೋಮೀಟರ್ ಸಿರಿಂಜ್ ಫಿಲ್ಟರ್‌ನಲ್ಲಿ ಸೋಸಿ, ಎಣ್ಣೆಗೆ ಟೆಫ್ಲಾನ್ ಫಿಲ್ಟರ್. ತೊಗರಿ ರಾಶಿ ನಡೆಯುವ ತಿಂಗಳುಗಳಲ್ಲಿ ಊರ ತುಂಬ ಧೂಳು, ಕಿಟಕಿ ಮುಚ್ಚಿ ಕೆಲಸ ಮಾಡಿ. ಪಿಡಿಎಂಎಸ್ ಧೂಳನ್ನು ಎಳೆದುಕೊಳ್ಳುತ್ತದೆ, ಅಂಟಿಸುವ ಮುನ್ನ ಸೆಲ್ಲೋ ಟೇಪ್ ಒತ್ತಿ ಕಿತ್ತರೆ ಧೂಳು ಅದರ ಜೊತೆ ಬರುತ್ತದೆ.

ಬಿಸಿಲು, ಚಳಿ

ಬೆಳಗ್ಗೆ ಸರಿ, ಮಧ್ಯಾಹ್ನ ಕೆಟ್ಟಿತು ಅನ್ನುವ ದೂರಿಗೆ ಈಗ ಬರುತ್ತೇನೆ. ಬೆಂಗಳೂರಿನ ಎಸಿ ಲ್ಯಾಬಿನಲ್ಲಿ ಕೂತವರಿಗೆ ಈ ಸಮಸ್ಯೆ ಅಷ್ಟಾಗಿ ಗೊತ್ತಿರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿ ಎರಡೂ ಕಡೆ 40 ಡಿಗ್ರಿ ದಾಟುವುದು ಮಾಮೂಲು. ಫ್ಯಾನ್ ಕೆಳಗಿನ ಲ್ಯಾಬ್ ಅಂದರೆ ಚಿಪ್ಪೂ ಅಷ್ಟೇ ಬಿಸಿ. 20 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ 1 ಮಿಲಿಪಾಸ್ಕಲ್-ಸೆಕೆಂಡ್, 40 ಡಿಗ್ರಿಯಲ್ಲಿ 0.65. ಪ್ಯಾರಾಫಿನ್ ಎಣ್ಣೆಗೆ ಇನ್ನೂ ಜಾಸ್ತಿ ಇಳಿಯುತ್ತದೆ, ಅರ್ಧಕ್ಕೂ ಬರಬಹುದು. ಸ್ನಿಗ್ಧತೆ ಇಳಿದರೆ ಕ್ಯಾಪಿಲರಿ ಸಂಖ್ಯೆ ಇಳಿಯುತ್ತದೆ. ಜೋರು ಹರಿವಿನಲ್ಲಿ ಕೆಲಸ ಮಾಡುವವರಿಗೆ ಬೆಳಗಿನ ಸಣ್ಣ ಹನಿ ಮಧ್ಯಾಹ್ನ ದೊಡ್ಡದಾಗುವುದು ಇದರಿಂದಲೇ. ಚಿಪ್ ಪಕ್ಕ ಒಂದು ಥರ್ಮಾಮೀಟರ್ ಇಟ್ಟು ಪ್ರತಿ ವಿಡಿಯೊ ಜೊತೆ ಉಷ್ಣತೆ ಬರೆದಿಡಿ. ಆ ಒಂದು ಕಾಲಂ ಇಲ್ಲದ ನೋಟ್‌ಬುಕ್ಕಿನಿಂದ ನಮ್ಮ ಊರಿನಲ್ಲಿ ದೋಷ ಹುಡುಕಲು ಆಗುವುದಿಲ್ಲ.

ಫ್ರಿಜ್‌ನಲ್ಲಿಟ್ಟ ಬಫರನ್ನು (ಆಮ್ಲೀಯತೆ ಬದಲಾಗದಂತೆ ಕಾಯುವ ನೀರಿನ ದ್ರಾವಣ) ನೇರ ಸಿರಿಂಜಿಗೆ ತುಂಬುವುದು ಇನ್ನೊಂದು ಕಾರಣ. ತಣ್ಣನೆ ನೀರಿನಲ್ಲಿ ಜಾಸ್ತಿ ಗಾಳಿ ಕರಗಿರುತ್ತದೆ. ಬಿಸಿ ಕೋಣೆಯಲ್ಲಿ ಅದು ಗುಳ್ಳೆಯಾಗಿ ಹೊರಬರುತ್ತದೆ, ಅದೂ ಜಂಕ್ಷನ್ ಹತ್ತಿರವೇ ಬಂದು ಕೂರುತ್ತದೆ. ಬಫರ್ ಕೋಣೆಯ ಬಿಸಿಗೆ ಬರಲಿ, ಸಾಧ್ಯವಾದರೆ ವ್ಯಾಕ್ಯೂಮ್‌ನಲ್ಲಿ ಗಾಳಿ ತೆಗೆಯಿರಿ, ಆಮೇಲೆ ತುಂಬಿ. ಮಾಡಿದ ಹನಿಯನ್ನು ಚಿಪ್ ಒಳಗೇ ಗಂಟೆಗಟ್ಟಲೆ ನಿಲ್ಲಿಸಿ ನೋಡುವವರಿಗೂ ಒಂದು ಮಾತು. ಪಿಡಿಎಂಎಸ್ ಮೂಲಕ ನೀರಿನ ಆವಿ ಹೊರಹೋಗುತ್ತದೆ. ನಮ್ಮ ಬೇಸಿಗೆಯ ಒಣ ಗಾಳಿಯಲ್ಲಿ ಹನಿ ಕಣ್ಣೆದುರೇ ಸಣ್ಣದಾಗುತ್ತದೆ. ಚಿಪ್ಪನ್ನು ನೀರು ತುಂಬಿದ ಪೆಟ್ರಿ ಡಿಶ್‌ನಲ್ಲಿ ಮುಳುಗಿಸಿಟ್ಟರೆ ಅದು ಬಹಳ ಮಟ್ಟಿಗೆ ನಿಲ್ಲುತ್ತದೆ.

ಚಳಿಗಾಲದ ದೋಷ ಇದಕ್ಕಿಂತ ವಿಚಿತ್ರ, ಬೀದರಿನವರಿಗೆ ಜಾಸ್ತಿ ಬರುತ್ತದೆ. ಡಿಸೆಂಬರ್ ಬೆಳಗ್ಗೆ ಲ್ಯಾಬ್ ತೆರೆದು ಪಂಪ್ ಹಾಕಿದರೆ ಎಣ್ಣೆ ಬರುವುದೇ ಇಲ್ಲ, ಪಂಪ್ ಕಿರುಗುಟ್ಟುತ್ತದೆ, ಟ್ಯೂಬ್ ಕಳಚಿಕೊಳ್ಳುತ್ತದೆ. ಚಾನೆಲ್ ಕಟ್ಟಿದೆ ಅಂತ ಚಿಪ್ ಎಸೆಯುವ ಮುನ್ನ ಎಣ್ಣೆ ಬಾಟಲಿ ಎತ್ತಿ ಅಲುಗಾಡಿಸಿ. ಹೆಕ್ಸಾಡೆಕೇನ್ 18 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಎತ್ತರದ ಬೀದರಿನಲ್ಲಿ ಆ ತಿಂಗಳ ರಾತ್ರಿ ಅದಕ್ಕಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ಬಾಟಲಿ ಪೂರ್ತಿ ಗಟ್ಟಿಯಾಗಿದ್ದರೆ ಕಾಣುತ್ತದೆ, ಟ್ಯೂಬಿನೊಳಗೆ ಒಂದಿಷ್ಟೇ ಕಟ್ಟಿದ್ದರೆ ಕಾಣುವುದಿಲ್ಲ. ಬಾಟಲಿ ಮತ್ತು ಸಿರಿಂಜನ್ನು ಉಗುರುಬೆಚ್ಚಗಿನ ನೀರಿನಲ್ಲಿಡಿ, ಚಿಪ್ ಮತ್ತು ಟ್ಯೂಬ್ ಮೇಲೆ ಹೇರ್ ಡ್ರೈಯರ್ ದೂರದಿಂದ ಆಡಿಸಿ. ಪೂರ್ತಿ ಕರಗಿದ ಮೇಲೆ ಬಾಟಲಿಯನ್ನು ಚೆನ್ನಾಗಿ ತಿರುಗಿಸಿ ಬೆರೆಸಿ, ಯಾಕೆಂದರೆ ಹೆಪ್ಪುಗಟ್ಟುವಾಗ ಸ್ಪ್ಯಾನ್ 80 ಒಂದು ಕಡೆ ಸರಿದಿರಬಹುದು. ಆಮೇಲೆ ಎಣ್ಣೆ ಮೊದಲು, ನೀರು ಆಮೇಲೆ.